11ಬಿ ಸೈಟಿಗೆ ಟೋಕನ್ ಕೊಡಬಹುದೇ? – ಪ್ರತಿಕ್ರಿಯೆ

ದೊಡ್ಡಬಳ್ಳಾಪುರದ ಹತ್ತಿರ 18 ಲಕ್ಷಕ್ಕೆ 30x40 ಸೈಟು, ಗ್ರಾಮ ಪಂಚಾಯಿತಿಯ 11ಬಿ ಖಾತೆ ಇದೆ, ಇಸಿ (ಋಣಭಾರ ಪ್ರಮಾಣಪತ್ರ) ಕ್ಲಿಯರ್ ಇದೆ, ಒಂದು ಲಕ್ಷ ಟೋಕನ್ (ಮುಂಗಡ) ಕೊಡಲೇ ಎಂದು ಕೇಳಿದ್ದೀರಿ. ಈಗಲೇ ಕೊಡಬೇಡಿ.

ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ಅಗ್ರಿಮೆಂಟ್, ಬಾಯಿಮಾತಿನ ಪಾಲು, ಕೋರ್ಟಿನಲ್ಲಿರುವ ದಾವೆ ಅದರಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಅದೂ ಸೈಟ್ ನಂಬರಿಗೆ ತೆಗೆಸಿದ ಇಸಿ ಲೇಔಟ್ ಆದ ಮೇಲಿನ ಕೆಲವೇ ವರ್ಷಗಳ ಕತೆ ಹೇಳುತ್ತದೆ. ಮೂಲ ಸರ್ವೆ ನಂಬರಿಗೆ 30 ವರ್ಷದ ಇಸಿ ತೆಗೆಸಿ, ಪಹಣಿ ಮತ್ತು ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ) ಜೊತೆಗಿಟ್ಟು ನೋಡಿ.

ಆಮೇಲೆ ಜಮೀನಿನ ಮಾಲೀಕರ ವಂಶವೃಕ್ಷ ನೋಡಿ. ಎಡವಟ್ಟು ಹೆಚ್ಚಾಗಿ ಆಗುವುದು ಇಲ್ಲೇ. ಪಿತ್ರಾರ್ಜಿತ ಜಮೀನಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಹೆಣ್ಣುಮಕ್ಕಳಿಗೂ ಸಮಪಾಲು. ಮದುವೆಯಾಗಿ ಹೋದವರ ಸಹಿ ಬಿಟ್ಟಿದ್ದರೆ ನಾಳೆ ಪಾಲಿನ ದಾವೆ ನಿಮ್ಮ ಸೈಟಿನ ಮೇಲೇ ಬರಬಹುದು. ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ ಸರ್ಕಾರದ ಅನುಮತಿಯಿಲ್ಲದ ಮಾರಾಟ 1978ರ ಪಿಟಿಸಿಎಲ್ (ಪರಿಶಿಷ್ಟರ ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯಡಿ ಅಸಿಂಧು. 2023ರ ತಿದ್ದುಪಡಿಯ ಪ್ರಕಾರ ಅಂಥ ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ.

11ಬಿ ಎಂದರೆ ಲೇಔಟಿಗೆ ಸರಿಯಾದ ಮಂಜೂರಾತಿ ಇಲ್ಲವೆಂದೇ ತಿಳಿಯಿರಿ. ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ನಕ್ಷೆ ಎರಡನ್ನೂ ಕೇಳಿ. ಹೆಚ್ಚಿನ ಬ್ಯಾಂಕುಗಳು ಇದಕ್ಕೆ ಸಾಲ ಕೊಡಲು ಹಿಂಜರಿಯುತ್ತವೆ, ಮುಂದೆ ಮಾರುವಾಗ ನಿಮ್ಮ ಗಿರಾಕಿಗೂ ಅದೇ ತೊಂದರೆ.

ಖರ್ಚಿನ ಲೆಕ್ಕಕ್ಕೆ ಮುದ್ರಾಂಕ, ಸೆಸ್, ನೋಂದಣಿ ಸೇರಿ ಸುಮಾರು ಶೇ 7.6 ಇಟ್ಟುಕೊಳ್ಳಿ. ಸರ್ಕಾರದ ಮಾರ್ಗಸೂಚಿ ದರ ನಿಮ್ಮ ಖರೀದಿ ಬೆಲೆಗಿಂತ ಹೆಚ್ಚಿದ್ದರೆ ಆ ದರದ ಮೇಲೆ ಲೆಕ್ಕ ಹಾಕಿ.

ಟೋಕನ್ ಕೊಡುವುದೇ ಆದರೆ ಮಾಲೀಕರ ಹೆಸರಿಗೇ ಚೆಕ್ ಕೊಡಿ, ಏಜೆಂಟರ ಕೈಗೆ ನಗದು ಬೇಡ. ‘ವಕೀಲರ ಪರಿಶೀಲನೆಯಲ್ಲಿ ದಾಖಲೆ ಸರಿಯಿಲ್ಲದಿದ್ದರೆ ಪೂರ್ತಿ ಹಣ ವಾಪಸ್’ ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ.