ಕ್ಯೋಟೋದಲ್ಲಿ ಎರಡು ದಿನಕ್ಕೆ ಹನ್ನೆರಡು ಜಾಗ ಬೇಡ, ಅರ್ಧ ಹೊಡೆದು ಹಾಕಿ

ನಿಮ್ಮ ಪ್ರಶ್ನೆ ಓದಿ ಸುಮ್ಮನಿರೋಕೆ ಆಗಲಿಲ್ಲ. ನವೆಂಬರ್ ಕೊನೆ ವಾರ, ಕ್ಯೋಟೋದಲ್ಲಿ ಎರಡು ದಿನ, ಹನ್ನೆರಡು ಜಾಗ, ಜೊತೆಗೆ ಮಂಡಿ ನೋವಿನ ಅಪ್ಪ ಅಮ್ಮ. ಯಾವ ಆರ್ಡರ್‌ನಲ್ಲಿ ಹೋದರೆ ಎಲ್ಲಾ ಮುಗಿಯುತ್ತದೆ, ಬಸ್ ಡೇ ಪಾಸ್ ತಗೊಳ್ಳಲಾ, ರೈಲಿನ ಜೆಆರ್ ಪಾಸ್ ತಗೊಳ್ಳಲಾ ಅಂತ ಕೇಳಿದ್ದೀರಿ. ನಾನೂ ಅದೇ ತಿಂಗಳು, ಹೆಚ್ಚುಕಡಿಮೆ ಅದೇ ಪಟ್ಟಿ ಹಿಡಿದು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ನೇರವಾಗಿ ಹೇಳ್ತೀನಿ, ಯಾವ ಆರ್ಡರ್‌ನಲ್ಲಿ ಹೋದರೂ ಅದು ಮುಗಿಯುವುದಿಲ್ಲ.

ನಮ್ಮಮ್ಮ ಜಪಾನಿಗೆ ಬರುವಾಗ ಕೇಳಿದ್ದು ಒಂದೇ ಒಂದು. ಕ್ಯೋಟೋದಲ್ಲಿ ಒಂದು ದೇವಸ್ಥಾನ ಇದೆ, ಅಲ್ಲಿ ಸಾವಿರದೊಂದು ಕನ್ನೊನ್ ವಿಗ್ರಹ ಸಾಲಾಗಿ ಇವೆ, ಅಂದರೆ ನಮ್ಮ ಅವಲೋಕಿತೇಶ್ವರ. ಅವುಗಳ ಮುಂದೆ ಕಾವಲಿಗೆ ಇಂದ್ರ, ಬ್ರಹ್ಮ, ಗರುಡ, ಗಂಧರ್ವ ಎಲ್ಲರೂ ಇದ್ದಾರೆ. ಅದನ್ನು ಎಲ್ಲೋ ಓದಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. "ನಂಗೆ ಅದೊಂದು ತೋರಿಸಿಬಿಡೇ, ಉಳಿದಿದ್ದೆಲ್ಲ ನಿನ್ನಿಷ್ಟ" ಅಂದಿದ್ದರು. ಆ ಜಾಗದ ಹೆಸರು ಸಂಜೂಸಾಂಗೆನ್‌ದೋ. ನಿಮ್ಮ ಪಟ್ಟಿಯಲ್ಲಿ ಹನ್ನೊಂದನೆಯದು, ನಾನು ನೋಡಿದೆ. ನನ್ನ ಪಟ್ಟಿಯಲ್ಲೂ ಅದು ಕೊನೆಯಲ್ಲೇ ಇತ್ತು.

ಯಾಕೆ ಕೊನೆಗೆ ಇಟ್ಟೆ ಅಂದರೆ, ಅದು ಕ್ಯೋಟೋ ಸ್ಟೇಷನ್ ಹತ್ತಿರ. ನಡೆದರೆ ಇಪ್ಪತ್ತು ನಿಮಿಷ. ಸಂಜೆ ಟೋಕಿಯೋಗೆ ವಾಪಸ್ ಶಿಂಕಾನ್‌ಸೆನ್ ಬುಲೆಟ್ ರೈಲು ಇತ್ತು, ಲಗೇಜು ಸ್ಟೇಷನ್ ಲಾಕರ್‌ನಲ್ಲಿತ್ತು. ಹಾಗಾಗಿ ಬೆಳಗ್ಗೆ ದೂರದ ಅರಾಶಿಯಾಮಾ, ಮಧ್ಯಾಹ್ನ ಚಿನ್ನದ ಮಂಟಪದ ದೇವಸ್ಥಾನ ಕಿಂಕಾಕುಜಿ, ಕೊನೆಗೆ ಸ್ಟೇಷನ್‌ಗೆ ಬರುವ ದಾರಿಯಲ್ಲಿ ಇದು. ಮ್ಯಾಪಿನಲ್ಲಿ ನೋಡಿದರೆ ಇದಕ್ಕಿಂತ ಚೆನ್ನಾಗಿರೋ ಪ್ಲಾನ್ ಇಲ್ಲ. ನೀವೂ ಇದನ್ನೇ ಮಾಡ್ತೀರಿ, ಗ್ಯಾರಂಟಿ, ಅದಕ್ಕೇ ಇದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳ್ತೀನಿ.

ಮೊದಲನೆಯದು ಟೈಮು. ಸಂಜೆ 5ಕ್ಕೆ ಮುಚ್ಚುತ್ತದೆ ಅಂತ ನಾನು ಬರೆದುಕೊಂಡಿದ್ದೆ. ಅದು ಏಪ್ರಿಲ್‌ನಿಂದ ನವೆಂಬರ್ 15ರವರೆಗಿನ ಟೈಮು. ನವೆಂಬರ್ 16ರಿಂದ ಮಾರ್ಚ್ ಕೊನೆಯವರೆಗೆ ಬೆಳಗ್ಗೆ 9ಕ್ಕೆ ತೆಗೆದು 4ಕ್ಕೇ ಮುಚ್ಚುತ್ತಾರೆ. ಆ 4 ಅನ್ನೋದು ಕೂಡ ಒಳಗಿರುವವರು ಹೊರಗೆ ಬರುವ ಹೊತ್ತು. ಟಿಕೆಟ್ ಕೊಡುವುದು ಅದಕ್ಕೆ ಅರ್ಧ ಗಂಟೆ ಮುಂಚೆಯೇ ನಿಲ್ಲುತ್ತದೆ. ಅಂದರೆ ನೀವು ಹೋಗುವ ವಾರದಲ್ಲಿ ಮೂರೂವರೆಗೆ ಬಾಗಿಲು ಹಾಕಿದ ಹಾಗೆಯೇ ಲೆಕ್ಕ. ನಾನು 5 ಅಂದುಕೊಂಡಿದ್ದೆ, ನಿಜವಾಗಿ ಇದ್ದದ್ದು 3.30. ಕ್ಯೋಟೋದ ದೊಡ್ಡ ದೇವಸ್ಥಾನಗಳು ಹೆಚ್ಚಿನವು ನಾಲ್ಕೂವರೆ, ಐದಕ್ಕೆಲ್ಲ ಮುಚ್ಚಿಬಿಡುತ್ತವೆ. ನಮ್ಮಲ್ಲಿ ಸಂಜೆ ಮಂಗಳಾರತಿ ಹೊತ್ತಿಗೆ ದೇವಸ್ಥಾನಕ್ಕೆ ಹೋಗಿ ಅಭ್ಯಾಸ ಅಲ್ವಾ, ಹಾಗಾಗಿ ಈ ಯೋಚನೆಯೇ ಬರುವುದಿಲ್ಲ. ಮೇಲಾಗಿ ಆ ವಾರದಲ್ಲಿ ಐದು ಗಂಟೆಗೆ ಮುಂಚೆಯೇ ಸೂರ್ಯ ಮುಳುಗಿಬಿಡುತ್ತಾನೆ.

ಎರಡನೆಯದು ಬಸ್ಸು. ಕಿಂಕಾಕುಜಿ ಊರಿನ ವಾಯವ್ಯ ಮೂಲೆ. ಅದರ ಹತ್ತಿರ ರೈಲ್ವೆ ಸ್ಟೇಷನ್ ಇಲ್ಲ. ಅಲ್ಲಿಂದ ಕ್ಯೋಟೋ ಸ್ಟೇಷನ್‌ಗೆ 205 ನಂಬರ್ ಬಸ್ಸು ಹಿಡಿದರೆ ನಲವತ್ತು ನಿಮಿಷ ಅಂತ ಮ್ಯಾಪು ಹೇಳುತ್ತದೆ. ಆದರೆ ನವೆಂಬರ್ ಕೊನೆ ಅಂದರೆ ಮೇಪಲ್ ಎಲೆ ಕೆಂಪಾಗುವ ಸೀಸನ್, ಇಡೀ ಜಪಾನೇ ಅಲ್ಲಿರುತ್ತದೆ. ಮೊದಲ ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಅದರ ಹಿಂದಿನದಕ್ಕೆ ಹೇಗೋ ಹತ್ತಿದೆವು, ಅಮ್ಮನಿಗೆ ಒಬ್ಬ ಹುಡುಗ ಎದ್ದು ಸೀಟು ಕೊಟ್ಟ. ಕ್ಯೋಟೋ ಬಸ್ಸಿಗೆ ಹಿಂದಿನ ಬಾಗಿಲಿಂದ ಹತ್ತಬೇಕು, ಇಳಿಯುವಾಗ ಮುಂದಿನ ಬಾಗಿಲಲ್ಲಿ ಡ್ರೈವರ್ ಪಕ್ಕದ ಪೆಟ್ಟಿಗೆಗೆ 230 ಯೆನ್ ಹಾಕಬೇಕು. ಹಾಗಾಗಿ ಪ್ರತಿ ಸ್ಟಾಪಿನಲ್ಲೂ ಹಿಂದೆ ಇರುವವರು ಇಡೀ ಬಸ್ಸು ದಾಟಿಕೊಂಡು ಮುಂದೆ ಬರಬೇಕು. ಸೂಟ್‌ಕೇಸ್ ಹಿಡಿದವರು, ಮಕ್ಕಳನ್ನು ಎತ್ತಿಕೊಂಡವರು, ಪೆಟ್ಟಿಗೆ ಮುಂದೆ ನಿಂತು ಚಿಲ್ಲರೆ ಹುಡುಕುವವರು. ಸಿಗ್ನಲ್ ಹಸಿರಾಗಿ ಕೆಂಪಾಗಿ ಮತ್ತೆ ಹಸಿರಾಗಿರುತ್ತದೆ, ಬಸ್ಸು ಅಲ್ಲೇ ಇರುತ್ತದೆ.

ಕಿಂಕಾಕುಜಿಯಿಂದ ಬೇರೆ ದಾರಿ ಇದೆ ಅಂತ ಆಮೇಲೆ ಗೊತ್ತಾಯಿತು, ಇದನ್ನು ಬರೆದಿಟ್ಟುಕೊಳ್ಳಿ. ಸ್ಟೇಷನ್ ಕಡೆಗೆ ಹೋಗುವ ಬಸ್ಸು ಹಿಡಿಯಬಾರದು. ಅದರ ಬದಲು ಕಿತಾಓಜಿ ಬಸ್ ಟರ್ಮಿನಲ್ ಕಡೆಗೆ ಹೋಗುವುದನ್ನು ಹತ್ತಬೇಕು, ಹತ್ತು ಹದಿನೈದು ನಿಮಿಷದ ದಾರಿ. ಅಲ್ಲಿ ಕೆಳಗಿಳಿದರೆ ಕರಾಸುಮಾ ಲೈನ್ ಸಬ್‌ವೇ. ಅದು ಊರಿನ ಮಧ್ಯೆ ಉತ್ತರದಿಂದ ದಕ್ಷಿಣಕ್ಕೆ ನೇರ ಹೋಗುತ್ತದೆ, ಕಾಲು ಗಂಟೆಯಲ್ಲಿ ಕ್ಯೋಟೋ ಸ್ಟೇಷನ್. ಟ್ರಾಫಿಕ್ ಗೊಡವೆಯೇ ಇಲ್ಲ. ಇದೊಂದು ಗೊತ್ತಿದ್ದಿದ್ದರೆ ಬಹುಶಃ ಟೈಮಿಗೆ ಸರಿಯಾಗಿ ತಲುಪುತ್ತಿದ್ದೆವು.

ನಾವು ಗೇಟಿನ ಹತ್ತಿರ ಹೋದಾಗ 3.40 ದಾಟಿತ್ತು. ಅಲ್ಲಿದ್ದ ವಯಸ್ಸಾದವರು ತುಂಬಾ ವಿನಯದಿಂದ ಬಗ್ಗಿ, ಎರಡು ಕೈ ಅಡ್ಡ ಇಟ್ಟು ಕತ್ತರಿ ಹಾಕಿ ತೋರಿಸಿದರು. ನಾನು ಅಮ್ಮನನ್ನು ತೋರಿಸಿ, ಇಂಡಿಯಾ ಅಂದು, ಕೈ ಮುಗಿದು ಏನೇನೋ ಕೇಳಿಕೊಂಡೆ. ಅವರು ಮತ್ತೆ ಬಗ್ಗಿದರು ಅಷ್ಟೇ. ಅವರದು ಏನೂ ತಪ್ಪಿಲ್ಲ. ಅಮ್ಮ "ಬಿಡೇ, ಇಲ್ಲಿಂದಲೇ ಕೈ ಮುಗಿದೆ" ಅಂದು ಪಕ್ಕದ ಕಟ್ಟೆ ಮೇಲೆ ಕೂತರು. ಆಮೇಲೆ ಮಂಡಿ ಜಾಸ್ತಿಯಾಗಿ ಅವರು ದೂರ ಪ್ರಯಾಣ ಮಾಡುವುದೇ ನಿಂತುಹೋಯಿತು. ಕಿಂಕಾಕುಜಿ ಚಿನ್ನದ ಮಂಟಪದ ಫೋಟೋ ನಮ್ಮ ಮನೆಯಲ್ಲಿ ಬೇಕಾದಷ್ಟಿದೆ, ಅದನ್ನು ಅಮ್ಮ ಕೇಳಿರಲೇ ಇಲ್ಲ.

ಮುಂದೊಂದು ಸಲ ಆಫೀಸ್ ಕೆಲಸದ ಮೇಲೆ ಒಸಾಕಾಗೆ ಹೋದಾಗ ಬೆಳಗ್ಗೆಯೇ ರೈಲು ಹತ್ತಿ ಅಲ್ಲಿಗೆ ಹೋಗಿಬಂದೆ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಚಳಿಗಾಲದಲ್ಲಿ ಆ ಮರದ ನೆಲ ಸಾಕ್ಸ್ ದಾಟಿ ಕಾಲನ್ನು ಕೊರೆಯುತ್ತದೆ. 120 ಮೀಟರ್ ಉದ್ದದ ಒಂದೇ ಹಾಲ್. ಈಗಿರುವ ಕಟ್ಟಡ 1266ರದು, ಅದಕ್ಕೂ ಮುಂಚಿನದು ಬೆಂಕಿಗೆ ಹೋಗಿತ್ತು. ಮಧ್ಯದಲ್ಲಿ ಕೂತಿರುವ ದೊಡ್ಡ ಕನ್ನೊನ್, ಎರಡೂ ಕಡೆ ಐನೂರು ಐನೂರು ನಿಂತ ವಿಗ್ರಹ, ಮೆಟ್ಟಿಲಿನ ಹಾಗೆ ಹಿಂದಕ್ಕೆ ಏರುತ್ತಾ ಹೋಗುತ್ತವೆ. ಮುಂದಿನ ಸಾಲಿನಲ್ಲಿ ಇಪ್ಪತ್ತೆಂಟು ಕಾವಲು ದೇವತೆಗಳು. ಗರುಡನಿಗೆ ರೆಕ್ಕೆ ಇದೆ, ಕೊಕ್ಕಿದೆ, ಕೈಯಲ್ಲಿ ಕೊಳಲು ಹಿಡಿದು ಊದುತ್ತಿದ್ದಾನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬ್ಬ ಮುದುಕಿ. ಮೈಯಲ್ಲಿ ಮಾಂಸವಿಲ್ಲ, ಮುಖವೆಲ್ಲ ಸುಕ್ಕು, ಎರಡೂ ಕೈ ಜೋಡಿಸಿ ನಿಂತಿದ್ದಾಳೆ. ಕಣ್ಣಿಗೆ ಸ್ಫಟಿಕ ಕೂರಿಸಿದ್ದಾರೆ, ಅದು ಬೆಳಕಿಗೆ ಒದ್ದೆ ಇದ್ದ ಹಾಗೆ ಕಾಣುತ್ತದೆ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ, ಹಾಗಾಗಿ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲೂ ತೋರಿಸೋಕೆ ಆಗಲಿಲ್ಲ. ಅಲ್ಲೇ ಮಾರುವ ಚಿತ್ರದ ಕಾರ್ಡ್ ತಂದುಕೊಟ್ಟೆ. ನೋಡಿದರು, ಚೆನ್ನಾಗಿದೆ ಅಂದರು. ಅದು ಬೇರೆ, ಅಲ್ಲಿ ನಿಂತು ನೋಡುವುದು ಬೇರೆ.

ಅದಕ್ಕೇ ಆರ್ಡರ್ ಪ್ರಶ್ನೆ ಬಿಡಿ ಅಂತೀನಿ. ಇವತ್ತು ರಾತ್ರಿ ಊಟ ಆದಮೇಲೆ ಅಪ್ಪನನ್ನೂ ಅಮ್ಮನನ್ನೂ ಕೂರಿಸಿಕೊಂಡು ಕೇಳಿ, ನಿಮಗೆ ಏನು ನೋಡಬೇಕು ಅಂತ. ಅವರು ಹೇಳಿದ್ದನ್ನು ಮೊದಲ ದಿನ ಬೆಳಗ್ಗೆ ಇಡಿ. ಹತ್ತಿರ ಇರಲಿ ದೂರ ಇರಲಿ, ಮೊದಲು ಅದೇ. ಅವರು "ನಿಮಗೆ ಹೇಗೆ ಅನುಕೂಲವೋ ಹಾಗೆ" ಅನ್ನುತ್ತಾರೆ, ಅದನ್ನು ಒಪ್ಪಬೇಡಿ, ಮತ್ತೆ ಕೇಳಿ.

ಆಮೇಲೆ ಉಳಿದದ್ದನ್ನು ದಿಕ್ಕಿನ ಪ್ರಕಾರ ಹಂಚಿ. ಒಂದು ದಿನ ಊರಿನ ಪೂರ್ವ, ಇನ್ನೊಂದು ದಿನ ಪಶ್ಚಿಮ, ಮಧ್ಯೆ ಅಡ್ಡ ದಾಟುವುದೇ ಬೇಡ. ನಾನಾಗಿದ್ದರೆ ಮೊದಲ ದಿನ ಏಳು ಗಂಟೆಗೆಲ್ಲ ಬೆಟ್ಟದ ಬುಡದ ಫುಶಿಮಿ ಇನಾರಿ ಗುಡಿಯಲ್ಲಿ ಇರುತ್ತಿದ್ದೆ. ಅದಕ್ಕೆ ಬಾಗಿಲೂ ಇಲ್ಲ, ಟಿಕೆಟ್ಟೂ ಇಲ್ಲ, ದಿನವಿಡೀ ತೆರೆದಿರುತ್ತದೆ. ಬೆಟ್ಟದ ತುದಿ 233 ಮೀಟರ್, ಪೂರ್ತಿ ಸುತ್ತೋಕೆ ಎರಡು ಮೂರು ಗಂಟೆ ಮೆಟ್ಟಿಲು. ಮಂಡಿ ನೋವಿನವರಿಗೆ ಅದು ಬೇಡವೇ ಬೇಡ. ಕೇಸರಿ ಕೆಂಪು ತೋರಿ ಕಮಾನುಗಳು ಎರಡು ಸಾಲಾಗಿ ಕವಲೊಡೆಯುವ ಜಾಗ ಕೆಳಗೇ ಇದೆ, ಅದನ್ನು ದಾಟಿ ಒಂದು ಚಿಕ್ಕ ಗುಡಿ ಸಿಗುತ್ತದೆ, ಅಲ್ಲಿಂದ ತಿರುಗಿ ಬನ್ನಿ. ವಾಪಸ್ ಬರುವಾಗ ಕಂಬಗಳ ಹಿಂಬದಿಯಲ್ಲಿ ಅದನ್ನು ಹರಕೆ ಕೊಟ್ಟವರ ಹೆಸರು ಮತ್ತು ತಾರೀಖು ಕಾಣುತ್ತದೆ. ಹತ್ತಿ ಹೋಗುವಾಗ ಅದು ಕಾಣುವುದಿಲ್ಲ.

ಅಲ್ಲಿಂದ ಕೇಹಾನ್ ಲೈನ್ ರೈಲು ಹಿಡಿದು ಶಿಚಿಜೋದಲ್ಲಿ ಇಳಿದರೆ ಸಂಜೂಸಾಂಗೆನ್‌ದೋ ನಡೆಯುವ ದೂರ. 9ಕ್ಕೆ ಬಾಗಿಲು ತೆಗೆಯುವಾಗ ನೀವು ಅಲ್ಲಿರಿ. ಆಮೇಲೆ ಕಿಯೋಮಿಜು ದೇವಸ್ಥಾನಕ್ಕೆ ಟ್ಯಾಕ್ಸಿ ಮಾಡಿ. ಬಸ್ ಸ್ಟಾಪಿಂದ ಮೇಲಕ್ಕೆ ಒಳ್ಳೆ ಏರು ಇದೆ, ದುಡ್ಡು ಉಳಿಸೋಕೆ ಹೋಗಬೇಡಿ. ಇಳಿಯುವಾಗ ಸನ್ನೆನ್‌ಝಾಕಾ, ನಿನೆನ್‌ಝಾಕಾ ಹಳೆ ಬೀದಿಗಳಲ್ಲಿ ನಿಧಾನ ನಡೆದು ಬನ್ನಿ, ಕಲ್ಲಿನ ಮೆಟ್ಟಿಲು ಇದೆ, ಕೈ ಹಿಡಿದುಕೊಳ್ಳಿ. ಅಲ್ಲಿಗೆ ದಿನ ಮುಗಿಯಿತು.

ಎರಡನೇ ದಿನ ಬೆಳಗ್ಗೆ ಬೇಗ ಜೆಆರ್ ರೈಲಿನಲ್ಲಿ ಅರಾಶಿಯಾಮಾ. ಬಿದಿರಿನ ದಾರಿ ಎಂಟು ಗಂಟೆಗೆ ಮುಂಚೆ ಚೆಂದ, ಹತ್ತಕ್ಕೆ ಬರೀ ತಲೆಗಳು. ತೆನ್‌ರ್ಯೂಜಿ ತೋಟ ನೋಡಿ, ರಾನ್‌ದೆನ್ ಅನ್ನೋ ಪುಟ್ಟ ಟ್ರಾಮ್ ಹತ್ತಿ ರ್ಯೋಆನ್‌ಜಿಗೆ ಬನ್ನಿ. ಜಲ್ಲಿ ಹರಡಿ ಹದಿನೈದು ಕಲ್ಲು ಇಟ್ಟಿರುವ ತೋಟ ಅದು, ಜಗುಲಿಯಲ್ಲಿ ಎಲ್ಲಿ ಕೂತು ನೋಡಿದರೂ ಒಂದಾದರೂ ಕಲ್ಲು ಮರೆಯಾಗುತ್ತದೆ. ವಯಸ್ಸಾದವರಿಗೆ ಕೂತು ನೋಡುವ ಜಾಗ ಅಂದರೆ ಅದು. ಕಿಂಕಾಕುಜಿ ಅಲ್ಲಿಂದ ಹತ್ತಿರ. ಅದು ಬೇಕೇ ಬೇಕು ಅಂದರೆ ನೋಡಿ, ಆದರೆ ಒಂದು ವಿಷಯ ಗೊತ್ತಿರಲಿ, 1950ರಲ್ಲಿ ಒಬ್ಬ ಎಳೆಯ ಸನ್ಯಾಸಿ ಬೆಂಕಿ ಹಚ್ಚಿ ಸುಟ್ಟುಹಾಕಿದ, ಈಗಿರುವುದು 1955ರಲ್ಲಿ ಮತ್ತೆ ಕಟ್ಟಿದ್ದು. ವಾಪಸ್ ಬರುವ ದಾರಿ ಆಗಲೇ ಹೇಳಿದೆ, ಕಿತಾಓಜಿ.

ಗಿಂಕಾಕುಜಿ, ನಿಜೋ ಕೋಟೆ, ಒಸಾಕಾ ಕೋಟೆ, ನಿಶಿಕಿ ಮಾರ್ಕೆಟ್ ಎಲ್ಲಾ ಹೊಡೆದು ಹಾಕಿ. ಬೇಜಾರಾಗುತ್ತದೆ, ಗೊತ್ತು.

ಪಾಸ್ ವಿಷಯ ಬೇಗ ಹೇಳಿಬಿಡ್ತೀನಿ. ನೀವು ಕೇಳಿದ ಬಸ್ ಡೇ ಪಾಸ್ 2024ರ ಮಾರ್ಚ್‌ಗೆ ನಿಂತುಹೋಗಿದೆ, ಹಳೆ ವಿಡಿಯೋ ನೋಡಿ ಅದನ್ನು ಹುಡುಕಬೇಡಿ. ಸಬ್‌ವೇ ಮತ್ತು ಬಸ್ ಸೇರಿದ ಒಂದು ದಿನದ ಪಾಸ್ 1,100 ಯೆನ್‌ಗೆ ಇದೆ, ಆದರೆ ಜೆಆರ್ ರೈಲಿಗೂ ಕೇಹಾನ್ ರೈಲಿಗೂ ನಡೆಯುವುದಿಲ್ಲ. ಈ ಪ್ಲಾನಿಗೆ ಸುಮ್ನೆ ಇಕೋಕಾ ಕಾರ್ಡ್ ಸಾಕು, ದುಡ್ಡು ತುಂಬಿಸಿಕೊಂಡು ಬಸ್ಸಿಗೂ ರೈಲಿಗೂ ಮುಟ್ಟಿಸುವ ಕಾರ್ಡ್ ಅದು. ಜೆಆರ್ ಪಾಸ್ 2023ರ ಅಕ್ಟೋಬರ್‌ನಲ್ಲಿ ಏರಿ ಏಳು ದಿನಕ್ಕೆ 50,000 ಯೆನ್ ಆಯಿತು. ಟೋಕಿಯೋದಿಂದ ಕ್ಯೋಟೋಗೆ ಒಂದು ಕಡೆಗೆ 14,000 ಚಿಲ್ಲರೆ. ಹೋಗಿ ಬಂದರೂ ಪಾಸ್ ದುಡ್ಡು ಹುಟ್ಟುವುದಿಲ್ಲ. ದೊಡ್ಡ ಸೂಟ್‌ಕೇಸ್ ಇದ್ದರೆ ಹೋಟೆಲ್‌ನವರಿಗೆ ಹೇಳಿ ಕೊರಿಯರ್‌ನಲ್ಲಿ ಮುಂದಿನ ಹೋಟೆಲ್‌ಗೆ ಕಳಿಸಿಬಿಡಿ, ಲಾಕರ್ ಹುಡುಕುವ ಕೆಲಸ ತಪ್ಪುತ್ತದೆ. ಅಪ್ಪ ಅಮ್ಮನಿಗೆ ಲೇಸ್ ಇಲ್ಲದ ಶೂ, ದಪ್ಪ ಸಾಕ್ಸ್ ಕೊಡಿಸಿ, ದಿನಕ್ಕೆ ಎಷ್ಟು ಸಲ ಬಿಚ್ಚಿ ಹಾಕಬೇಕೋ ಲೆಕ್ಕವಿಲ್ಲ.

ನೀವು ಬರೆದಿಲ್ಲ, ಆದರೂ ಹೇಳ್ತೀನಿ. ಸಸ್ಯಾಹಾರಿಗಳಾದರೆ ಎಚ್ಚರ, ಬರೀ ತರಕಾರಿ ಕಾಣುವ ಸಾರಿನಲ್ಲೂ ಒಣಮೀನಿನ ರಸ ಇರುತ್ತದೆ. ನಾನ್‌ಝೆನ್‌ಜಿ ದೇವಸ್ಥಾನದ ಹತ್ತಿರದ ಬಿಸಿ ತೋಫು ಊಟ, ಅಥವಾ ದೇವಸ್ಥಾನಗಳ ಶೋಜಿನ್ ಅನ್ನೋ ಸಸ್ಯಾಹಾರಿ ಅಡುಗೆ ಕೇಳಿ ನೋಡಿ, ಅಲ್ಲೂ ಮೀನಿನ ರಸ ಹಾಕಿಲ್ಲ ತಾನೇ ಅಂತ ವಿಚಾರಿಸಿ. ಅವಲಕ್ಕಿ, ಚಟ್ನಿಪುಡಿ ಬ್ಯಾಗಿನಲ್ಲಿ ಇರಲಿ.

ಇನ್ನು ಎರಡನೇ ದಿನ ಮಧ್ಯಾಹ್ನಕ್ಕೆ ಪಕ್ಕದ ಊರು ನಾರಾ ಬರೆದಿದ್ದೀರಿ. ಅದನ್ನು ಹಾಗೆ ತುರುಕಬೇಡಿ. ನಾರಾ ಬೇಕು ಅಂದರೆ ಟೋಕಿಯೋದ ಒಂದು ದಿನ ಕಡಿಮೆ ಮಾಡಿ ಇಲ್ಲಿಗೆ ಹಾಕಿ, ಟೋಕಿಯೋಗೆ ಏನೂ ಆಗುವುದಿಲ್ಲ. ಕ್ಯೋಟೋ ಸ್ಟೇಷನ್‌ನಿಂದ ಮಿಯಾಕೋಜಿ ರ್‍ಯಾಪಿಡ್ ರೈಲಿಗೆ ಮುಕ್ಕಾಲು ಗಂಟೆ. ಅಲ್ಲಿನ ತೋದಾಯಿಜಿ ದೇವಸ್ಥಾನದ ದೊಡ್ಡ ಬುದ್ಧನಿಗೆ ಕಣ್ಣು ಬರೆದು ಪ್ರಾಣ ಕೊಟ್ಟದ್ದು 752ರಲ್ಲಿ, ಬೋಧಿಸೇನ ಅನ್ನೋ ಭಾರತದ ಭಿಕ್ಷು. ಅದನ್ನು ಅಪ್ಪ ಅಮ್ಮನಿಗೆ ಮೊದಲೇ ಹೇಳಿ. ಪಟ್ಟಿ ಅದಲುಬದಲು ಮಾಡೋಕೆ ಅವರೇ ಒಪ್ಪುತ್ತಾರೆ.