ಲೈಬ್ರರಿಯ ಹಳೆ ಪುಸ್ತಕ ತೆಗೆದರೆ ತಪ್ಪಾ?

ಕುಮಟಾ ಕಡೆಯ ಅರಿವು ಕೇಂದ್ರಕ್ಕೆ, ಅಂದರೆ ಗ್ರಾಮ ಪಂಚಾಯಿತಿ ಲೈಬ್ರರಿಗೆ, ಹೊಸದಾಗಿ ಸೇರಿದ್ದೇನೆ, ಹಳೆಯ, ಹರಿದ ಪುಸ್ತಕ ತೆಗೆಯಲು ಹೋದರೆ ಊರವರು "ಸರಸ್ವತಿಯನ್ನೇ ಹೊರಗೆ ಹಾಕುತ್ತೀರಾ" ಎಂದು ಬೈಯುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಶಿರಸಿ, ಕಾರವಾರ ಎರಡೂ ಕಡೆ ಲೈಬ್ರರಿಯಲ್ಲೇ ಕೆಲಸ ಮಾಡಿ ನಿವೃತ್ತಿಯಾದವನು ನಾನು. ಧೈರ್ಯವಾಗಿ ತೆಗೆಯಿರಿ. ಆದರೆ ಹಳತಾಗಿದ್ದು ಬೇರೆ, ಹರಿದಿದ್ದು ಬೇರೆ. ಎರಡನ್ನೂ ಒಂದೇ ಗಂಟು ಕಟ್ಟಬೇಡಿ.

ಮೊದಲು ಹೋಗಬೇಕಾದ್ದು ನೋಡಲು ಚೆನ್ನಾಗಿದ್ದು ಒಳಗೆ ತಪ್ಪಾಗಿರುವ ಪುಸ್ತಕ. 2021ರಲ್ಲಿ ವಿಜಯನಗರ ಸೇರಿ ನಮ್ಮ ಜಿಲ್ಲೆಗಳು 31 ಆದವು. 30 ಎಂದು ಬರೆದ ಸಾಮಾನ್ಯ ಜ್ಞಾನದ ಪುಸ್ತಕ ಇನ್ನೂ ರ‍್ಯಾಕಿನಲ್ಲಿ ಇದ್ದರೆ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗಿ ಅದನ್ನೇ ನಂಬುತ್ತಾಳೆ. ಲೈಬ್ರರಿಯ ಪುಸ್ತಕ ಅಲ್ವಾ, ನಂಬದೆ ಏನು ಮಾಡುತ್ತಾಳೆ? ಜಿಎಸ್‌ಟಿ ಬಂದಿದ್ದು 2017ರಲ್ಲಿ, ಅದಕ್ಕೆ ಮುಂಚಿನ ವ್ಯಾಟ್ ಗೈಡುಗಳೂ ಹಾಗೇ. ಕಾನೂನಿನ ಪುಸ್ತಕದಲ್ಲಿ ಮಾತ್ರ ಸ್ವಲ್ಪ ನೋಡಿಕೊಳ್ಳಿ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದರೂ, ಅದಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೆ ಐಪಿಸಿಯೇ. ಒಂದು ಪ್ರತಿ ಇಟ್ಟು, ರಟ್ಟಿನ ಮೇಲೆ ಚೀಟಿ ಅಂಟಿಸಿ.

ಹರಿದ ಪುಸ್ತಕಕ್ಕೆ ಇಷ್ಟು ಅವಸರ ಬೇಡ. ಪುಸ್ತಕ ಒಯ್ದಾಗಲೆಲ್ಲ ಮುದ್ರೆ ಒತ್ತುವ ತಾರೀಖಿನ ಚೀಟಿ ತೆರೆದು ನೋಡಿ. ಮುದ್ರೆ ಒತ್ತಲು ಜಾಗವೇ ಇಲ್ಲದಷ್ಟು ತುಂಬಿದ್ದರೆ ಅದು ಜನ ಓದಿ ಓದಿ ಹರಿದ ಪುಸ್ತಕ. ಬೈಂಡಿಂಗ್ ಮಾಡಿಸಿ, ಆಗದಿದ್ದರೆ ಹೊಸ ಪ್ರತಿಗೆ ಬೇಡಿಕೆ ಹಾಕಿ.

ಬೂಷ್ಟು ಹಿಡಿದಿದ್ದನ್ನು ಅದೇ ದಿನ ಬೇರೆ ಇಡಿ, ಪಕ್ಕದ ಪುಸ್ತಕಕ್ಕೆ ಹರಡುತ್ತದೆ. ಗಾಳಿಯಾಡುವ ನೆರಳಲ್ಲಿ ಪೂರ್ತಿ ಒಣಗಲಿ. ಆಮೇಲೆ ಮೂಗಿಗೆ ಮಾಸ್ಕ್ ಹಾಕಿಕೊಂಡು, ಹೊರಗೆ ನಿಂತು ಬ್ರಶ್‌ನಿಂದ ಒರೆಸಿ. ಒರಲೆ ಇನ್ನೂ ಮೋಸ. ಒಂದು ಮಳೆಗಾಲದ ಕೊನೆಯಲ್ಲಿ ಕೆಳಗಿನ ರ‍್ಯಾಕಿನಿಂದ ದಪ್ಪ ನಿಘಂಟೊಂದನ್ನು ಎಳೆದೆ. ಬೆನ್ನು ನೆಟ್ಟಗಿತ್ತು, ಅಕ್ಷರವೂ ಹೊಳೆಯುತ್ತಿತ್ತು. ಕೈಗೆ ಬಂದರೆ ಹಗುರ. ತೆರೆದರೆ ಒಳಗೆ ಹಾಳೆಯೇ ಇಲ್ಲ, ಬರೀ ಮಣ್ಣು. ಹಿಂದಿನ ಗೋಡೆಯಿಂದ ಬಂದಿದ್ದವು.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬಾರದು ಎಂದು. ರದ್ದಾದ ಪುಸ್ತಕಗಳ ಗಂಟಿನಲ್ಲಿ ಸೂಪಾ ಅಣೆಕಟ್ಟಿನಲ್ಲಿ ಮುಳುಗಿದ ಊರುಗಳ ಬಗ್ಗೆ ಒಂದು ತೆಳು ಪುಸ್ತಕವೂ ಹೋಗಿತ್ತು. ರಟ್ಟಿಲ್ಲ, ಚೀಟಿಯಲ್ಲಿ ಒಂದೂ ಮುದ್ರೆ ಇಲ್ಲ. ಯಾರೂ ಓದದ್ದು ಎಂದು ನಾನೇ ಪಟ್ಟಿಗೆ ಸೇರಿಸಿದ್ದೆ. ಮರುವರ್ಷ ಜೋಯಿಡಾ ಕಡೆಯ ಅಜ್ಜರೊಬ್ಬರು ಮೊಮ್ಮಗನ ಜೊತೆ ಬಂದರು. ತಮ್ಮ ಊರಿನ ಹೆಸರು ಅದರಲ್ಲಿ ಇದೆಯಂತೆ, ಹುಡುಗನಿಗೆ ತೋರಿಸಬೇಕಂತೆ. ಇಡೀ ಸಾಲಿನ ಮೇಲೆ ಬೆರಳು ಆಡಿಸುತ್ತಾ ಹುಡುಕಿದರು. ನಾನು ಸುಮ್ನೆ ನಿಂತಿದ್ದೆ. ಆ ಪುಸ್ತಕದ ಇನ್ನೊಂದು ಪ್ರತಿ ಇವತ್ತಿಗೂ ನನಗೆ ಸಿಕ್ಕಿಲ್ಲ.

ಆದ್ದರಿಂದ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ, ಯಕ್ಷಗಾನದ ಹಳೆ ಪ್ರಸಂಗ ಪುಸ್ತಕ, ಸೀಬರ್ಡ್ ನೌಕಾನೆಲೆಗೆ ಭೂಮಿ ಕೊಟ್ಟವರ ಬಗೆಗಿನ ಕರಪತ್ರ, ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ನೆನಪುಗಳು, ಇಂಥವು ಎಷ್ಟೇ ಹರಿದಿದ್ದರೂ ರದ್ದಿಗೆ ಬೇಡ. ಪರೀಕ್ಷೆಯ ಗೈಡ್ ಇನ್ನೆಲ್ಲಾದರೂ ಸಿಗುತ್ತದೆ, ಇವು ಸಿಗುವುದಿಲ್ಲ. ಬಟ್ಟೆಯಲ್ಲಿ ಕಟ್ಟಿ ಎತ್ತರದ ಕಪಾಟಿನಲ್ಲಿಡಿ. ಮೊಬೈಲಿನಲ್ಲಾದರೂ ಪುಟ ಪುಟದ ಫೋಟೋ ತೆಗೆದಿಡಿ.

ಇನ್ನು ಲೆಕ್ಕ. ಇದು ಜನರ ದುಡ್ಡು, ಆಸ್ತಿ ತೆರಿಗೆಯ ಜೊತೆ ಜನ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ನೀವೇ ರದ್ದಿ ಅಂಗಡಿಗೆ ಒಯ್ಯಬೇಡಿ. ಅಕ್ಸೆಶನ್ ನಂಬರ್ (ರಿಜಿಸ್ಟರ್‌ನಲ್ಲಿ ಪುಸ್ತಕಕ್ಕೆ ಕೊಟ್ಟ ಕ್ರಮ ಸಂಖ್ಯೆ), ಬೆಲೆ, ತೆಗೆಯುವ ಕಾರಣ ಬರೆದು ಪಟ್ಟಿ ಮಾಡಿ, ಮೇಲಿನವರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಆಮೇಲೆ ರಿಜಿಸ್ಟರ್‌ನಲ್ಲಿ ಆದೇಶದ ನಂಬರ್, ತಾರೀಖು ಹಾಕಿ ರದ್ದು ಮಾಡಿ. ಪುಸ್ತಕದ ಮೇಲೂ ರದ್ದಾಗಿದೆ ಎಂಬ ಮುದ್ರೆ ಬೀಳಲಿ. ಇಲ್ಲದಿದ್ದರೆ ಯಾರೋ ಪಾಪ ರದ್ದಿಯಿಂದ ಎತ್ತಿ ವಾಪಸ್ ತಂದುಕೊಡುತ್ತಾರೆ.

ಬೈಯುವವರ ಜೊತೆ ವಾದ ಬೇಡ. ಕರೆದು ಕೂರಿಸಿ ಪಟ್ಟಿ ಓದಿ ಹೇಳಿ, ಯಾವುದು ಉಳಿಯಬೇಕೆಂದು ಅವರನ್ನೇ ಕೇಳಿ. ಊರಿನ ಪುಸ್ತಕ ಯಾವುದೆಂದು ಅವರಿಗೆ ನಿಮಗಿಂತ ಜಾಸ್ತಿ ಗೊತ್ತಿರುತ್ತದೆ. ಮತ್ತೆ ಜೂನ್ ಬರುವುದರೊಳಗೆ ಕೆಳಗಿನ ಸಾಲು ಖಾಲಿ ಮಾಡಿ, ರ‍್ಯಾಕನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು ಹಿಂದೆ ಬ್ಯಾಟರಿ ಬಿಟ್ಟು ನೋಡಿ.