ಒಬ್ಬ ವಾದಕ, ಎರಡು ಹೆಸರು: ಇದ್ರಿಸ್ ಮುಹಮ್ಮದ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಸ್ಯಾಕ್ಸೊಫೋನ್ ವಾದಕ ಲೂ ಡೊನಾಲ್ಡ್‌ಸನ್ ಅವರ ‘ಅಲಿಗೇಟರ್ ಬೂಗಲೂ’ ಎಂಬ 1967ರ ಧ್ವನಿಮುದ್ರಿಕೆಯಲ್ಲಿ ಡ್ರಮ್ಸ್ ನುಡಿಸಿದವರು ಲಿಯೋ ಮಾರಿಸ್ ಎಂದಿದೆ. ಗಿಟಾರ್ ವಾದಕ ಗ್ರ್ಯಾಂಟ್ ಗ್ರೀನ್ ಅವರ 1970ರ ಮುದ್ರಿಕೆಗಳಲ್ಲಿ ಅದೇ ಬಗೆಯ ನುಡಿಸಾಣಿಕೆ ಕೇಳಿಸುತ್ತದೆ, ಆದರೆ ಹೆಸರು ಇದ್ರಿಸ್ ಮುಹಮ್ಮದ್. ಇಬ್ಬರೂ ಒಬ್ಬರೇ ಎಂಬುದು ನಿಜವೇ? ಅವರನ್ನು ಜಾಝ್ ಕಲಾವಿದರೆನ್ನಬೇಕೋ ಸೋಲ್ (ಅಮೆರಿಕದ ಕರಿಯರ ಜನಪ್ರಿಯ ಗಾಯನ ಪ್ರಕಾರ) ಸಂಗೀತದ ಕಲಾವಿದರೆನ್ನಬೇಕೋ?
(ಓದುಗರೊಬ್ಬರು, ಧಾರವಾಡ)

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಗುರುತಿಸಿದೆ. ಇಬ್ಬರೂ ಒಬ್ಬರೇ. ಅಮೆರಿಕದ ಲೂಸಿಯಾನ ರಾಜ್ಯದ ನ್ಯೂ ಆರ್ಲೀನ್ಸ್ ನಗರದಲ್ಲಿ 1939ರ ನವೆಂಬರ್ 13ರಂದು ಹುಟ್ಟಿದ ಲಿಯೋ ಮಾರಿಸ್, 1960ರ ದಶಕದಲ್ಲಿ ಇಸ್ಲಾಂ ಧರ್ಮವನ್ನು ಸ್ವೀಕರಿಸಿ ಇದ್ರಿಸ್ ಮುಹಮ್ಮದ್ ಎಂದು ಹೆಸರು ಬದಲಿಸಿಕೊಂಡರು. ಆ ದಶಕದಲ್ಲಿ ಅಮೆರಿಕದ ಅನೇಕ ಕರಿಯ ಸಂಗೀತಗಾರರು ಇಂಥ ನಿರ್ಧಾರ ಕೈಗೊಂಡಿದ್ದರು. ಆದರೆ ತಮ್ಮ ಹೆಸರಿನಿಂದಲೇ ಕೆಲಸ ಸಿಗುವ ವೃತ್ತಿಯಲ್ಲಿ, ಬೇಡಿಕೆ ಏರುತ್ತಿರುವ ಹೊತ್ತಿನಲ್ಲೇ ಆ ಹೆಸರನ್ನು ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಅವರು ಹಾಗೆ ಮಾಡಿಯೂ ಕೆಲಸ ಕಳೆದುಕೊಳ್ಳಲಿಲ್ಲ ಎಂಬುದೇ ಅವರ ಕೈಗೆ ಎಷ್ಟು ಬೆಲೆಯಿತ್ತೆಂಬುದನ್ನು ಹೇಳುತ್ತದೆ.

ಹದಿಹರೆಯದಲ್ಲೇ ಅವರು ಗಾಯಕ, ಕೀಬೋರ್ಡ್ ವಾದಕ ಆರ್ಟ್ ನೆವಿಲ್ ಇದ್ದ ಹಾಕೆಟ್ಸ್ ತಂಡದಲ್ಲಿ ನುಡಿಸುತ್ತಿದ್ದರು. ಬಳಿಕ ಸ್ಯಾಮ್ ಕುಕ್, ಜೆರ್ರಿ ಬಟ್ಲರ್, ಕರ್ಟಿಸ್ ಮೇಫೀಲ್ಡ್ ಅವರಂಥ ಗಾಯಕರ ಜೊತೆಗೂಡಿ ಊರೂರು ಸುತ್ತಿದರು. ಅಂದರೆ ಅವರ ವೃತ್ತಿಜೀವನ ಆರಂಭವಾದದ್ದು ಗಾಯಕರ ಹಿಂದೆ ಕುಳಿತು, ಹಾಡಿನ ಮಾತು ಮುಚ್ಚಿಹೋಗದಂತೆ, ಎದುರಿಗೆ ಕುಣಿಯುವವರ ಹೆಜ್ಜೆ ತಪ್ಪದಂತೆ ಲಯವನ್ನು ಹಿಡಿದು ನಿಲ್ಲಿಸುವ ಕೆಲಸದಿಂದ. ಈ ಶಿಸ್ತು ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಜಾಝ್ ವಲಯಕ್ಕೆ ಬಂದ ಮೇಲೂ ಅವರು ತನಿಯಾಗಿ ಮೆರೆಯಲು ಅವಕಾಶ ಹುಡುಕಿದವರಲ್ಲ.

ನೀವು ಹೇಳಿದ ಮುದ್ರಿಕೆಯ ವಿಷಯಕ್ಕೆ ಬರುವುದಾದರೆ, 1967ರ ಏಪ್ರಿಲ್‌ನಲ್ಲಿ ನ್ಯೂ ಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿದ್ದ ಧ್ವನಿಮುದ್ರಣ ತಜ್ಞ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ಅದನ್ನು ಧ್ವನಿಮುದ್ರಿಸಲಾಯಿತು. ಆರ್ಗನ್ ಮೇಲೆ ಲೋನಿ ಸ್ಮಿತ್, ಗಿಟಾರ್‌ನಲ್ಲಿ ಆಗಿನ್ನೂ ಇಪ್ಪತ್ತೈದು ದಾಟದ ಜಾರ್ಜ್ ಬೆನ್ಸನ್ ಇದ್ದರು. ಮುದ್ರಿಕೆಯ ಅವಧಿ ತುಂಬಲು ಇನ್ನೂ ಕೆಲವು ನಿಮಿಷಗಳು ಬೇಕಾದಾಗ ಅಲ್ಲೇ ಹೊಂದಿಸಿ ನುಡಿಸಿದ ತುಣುಕು ಅದು ಎಂದು ಡೊನಾಲ್ಡ್‌ಸನ್ ಮುಂದೆ ಹೇಳುತ್ತಿದ್ದರು. ಹಾಗೆ ಹುಟ್ಟಿದ ತುಣುಕೇ ಮುದ್ರಿಕೆಯ ಶೀರ್ಷಿಕೆಯಾಯಿತು, ಬಹುಜನರು ಕೊಂಡು ಕೇಳಿದ್ದೂ ಅದನ್ನೇ. ಅದರ ರಾಗದಲ್ಲಿ ಹೆಚ್ಚಿನ ಸಂಕೀರ್ಣತೆಯಿಲ್ಲ. ಒಂದೇ ಸರಳ ಎಳೆ ಮರಳಿ ಮರಳಿ ಬರುತ್ತದೆ. ಅಷ್ಟು ಹೊತ್ತು ಕೇಳಿದರೂ ಬೇಸರ ಬಾರದಂತೆ ಅದನ್ನು ನಡೆಸಿಕೊಂಡು ಹೋಗುವುದು ಕೆಳಗಿನ ಲಯ. ಅಲ್ಲಿ ಕೇಳಿಸುವುದು ಕುಣಿತದ ಸಭಾಂಗಣದ ಸೋಲ್ ಲಯವೇ, ಆದರೆ ಅದರ ಮೇಲೆ ಜಾಝ್ ಕಲಾವಿದರು ಮನೋಧರ್ಮಕ್ಕೆ ತಕ್ಕಂತೆ ವಿಸ್ತಾರ ಮಾಡುತ್ತಿದ್ದಾರೆ. ಹೀಗಿರುವಾಗ ಜಾಝ್ ಎಲ್ಲಿ ಮುಗಿದು ಸೋಲ್ ಎಲ್ಲಿ ಆರಂಭವಾಯಿತೆಂದು ಗೆರೆ ಎಳೆಯುವುದು ಹೇಗೆ? ನನ್ನ ಮಟ್ಟಿಗೆ, ಅವರು ಎರಡು ಸಂಗೀತಗಳ ನಡುವೆ ಓಡಾಡಿದವರಲ್ಲ. ಹುಟ್ಟಿದೂರಿನ ಬೀದಿ ಮೆರವಣಿಗೆಯ ಒಂದೇ ಲಯವನ್ನು ಎರಡರೊಳಕ್ಕೂ ಕೊಂಡೊಯ್ದವರು.

ಬ್ರಾಡ್‌ವೇ ರಂಗಭೂಮಿಗೆ 1968ರಲ್ಲಿ ಬಂದು ಹೆಸರು ಮಾಡಿದ ‘ಹೇರ್’ ಸಂಗೀತ ನಾಟಕದ ವಾದ್ಯವೃಂದದಲ್ಲೂ ಅವರು ಕೆಲವು ವರ್ಷ ಇದ್ದರು. ಅದೇ ಕಾಲದಲ್ಲಿ ಪ್ರೆಸ್ಟೀಜ್ ಸಂಸ್ಥೆಯ ಧ್ವನಿಮುದ್ರಿಕೆಗಳಿಗೂ ನುಡಿಸುತ್ತಿದ್ದರು. ಆರ್ಗನ್ ವಾದಕ ಚಾರ್ಲ್ಸ್ ಅರ್ಲೆಂಡ್ ಅವರ ‘ಬ್ಲ್ಯಾಕ್ ಟಾಕ್’ ಆ ದಿನಗಳದ್ದು. ಇದ್ರಿಸ್ ಅವರ ಮಡದಿ ಡೊಲೊರೆಸ್ ಬ್ರೂಕ್ಸ್ ಕೂಡ ಸಂಗೀತಲೋಕದವರೇ, ಕ್ರಿಸ್ಟಲ್ಸ್ ಎಂಬ ಗಾಯಕಿಯರ ತಂಡದ ಮುಖ್ಯ ದನಿಗಳಲ್ಲೊಬ್ಬರು.

ಪ್ರಶ್ನೆ: ನಾನು ಮೃದಂಗ ಕಲಿಯುತ್ತಿದ್ದೇನೆ. ಇದ್ರಿಸ್ ಮುಹಮ್ಮದ್ ಅವರ ನಡೆಯನ್ನು ಕೈಯಲ್ಲಿ ತಾಳ ಹಾಕಿಕೊಂಡು ಅನುಸರಿಸಲು ನೋಡಿದರೆ ಚತುರಶ್ರವೂ (ನಾಲ್ಕರ ಎಣಿಕೆ) ಅಲ್ಲ, ತಿಶ್ರವೂ (ಮೂರರ ಎಣಿಕೆ) ಅಲ್ಲ ಎನಿಸುತ್ತದೆ. ನಾನು ಕೇಳುತ್ತಿರುವುದರಲ್ಲಿ ತಪ್ಪಿದೆಯೇ?
(ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ತಪ್ಪಿಲ್ಲ. ನೀವು ಕೇಳಿಸಿಕೊಂಡದ್ದೇ ನ್ಯೂ ಆರ್ಲೀನ್ಸ್ ಡ್ರಮ್ ವಾದನದ ಜೀವಾಳ. ಹಳೆಯ ಜಾಝ್‌ನಲ್ಲಿ ಒಂದು ಪೆಟ್ಟಿನೊಳಗಿನ ಎರಡು ಹೊಡೆತಗಳಲ್ಲಿ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ, ಅಂದರೆ ಸುಮಾರಾಗಿ ತಿಶ್ರದ ಅಳತೆ. ಸೋಲ್‌ನಿಂದ ಬೆಳೆದ ಕುಣಿತದ ಸಂಗೀತವಾದ ಫಂಕ್‌ನಲ್ಲಿ ಎರಡೂ ಸಮ, ಅದು ಚತುರಶ್ರದ ಅಳತೆ. ಆ ಊರಿನ ವಾದಕರು ಇವೆರಡರ ನಡುವೆ ಎಲ್ಲೋ ಒಂದು ಜಾಗದಲ್ಲಿ ಹೊಡೆತವನ್ನು ಇಡುತ್ತಾರೆ, ಮತ್ತು ಹಾಡು ಸಾಗುತ್ತಿದ್ದಂತೆ ಆ ಜಾಗವೂ ತುಸು ಅತ್ತಿತ್ತ ಸರಿಯುತ್ತದೆ. ಸ್ವರಲಿಪಿಯಲ್ಲಿ ಇದನ್ನು ಬರೆಯಲು ಹೊರಟವರು ಸೋತಿದ್ದಾರೆ. ಕೇಳಿ ಕೇಳಿಯೇ ಕಲಿಯಬೇಕು.

ಇದರ ಮೂಲ ಬೀದಿಯಲ್ಲಿದೆ. ನ್ಯೂ ಆರ್ಲೀನ್ಸ್‌ನಲ್ಲಿ ಶವಯಾತ್ರೆಗೂ ಹಬ್ಬದ ಮೆರವಣಿಗೆಗೂ ಹಿತ್ತಾಳೆ ವಾದ್ಯಗಳ ಬ್ಯಾಂಡು ಹೊರಡುತ್ತದೆ. ಸ್ಮಶಾನಕ್ಕೆ ಹೋಗುವಾಗ ನಿಧಾನ ಗತಿಯ ಶೋಕಗೀತೆಗಳು. ಹೂಳುವ ಕಾರ್ಯ ಮುಗಿದ ಮೇಲೆ ಲಯ ಏರಿ, ಬ್ಯಾಂಡಿನ ಹಿಂದೆ ಊರ ಜನ ಕೊಡೆ, ಕರವಸ್ತ್ರ ಬೀಸುತ್ತ ಕುಣಿಯುತ್ತ ಬರುತ್ತಾರೆ. ಹೀಗೆ ಹಿಂಬಾಲಿಸುವ ಗುಂಪನ್ನೇ ‘ಸೆಕೆಂಡ್ ಲೈನ್’ ಎನ್ನುತ್ತಾರೆ, ಆ ಲಯಕ್ಕೂ ಅದೇ ಹೆಸರು. ಅಲ್ಲಿ ದೊಡ್ಡ ಡ್ರಮ್ ಒಬ್ಬರ ಹೆಗಲಲ್ಲಿ, ಸ್ನೇರ್ ಡ್ರಮ್ ಇನ್ನೊಬ್ಬರ ಹೆಗಲಲ್ಲಿ ಇರುತ್ತದೆ. ದೊಡ್ಡ ಡ್ರಮ್ಮಿನ ನೆತ್ತಿಗೆ ಸಿಕ್ಕಿಸಿದ ಸಣ್ಣ ತಾಳದ ಬಟ್ಟಲನ್ನು ವಾದಕ ಬಗ್ಗಿಸಿದ ತಂತಿಯಿಂದ ತಟ್ಟುತ್ತಾನೆ. ಡ್ರಮ್ ಸೆಟ್ಟಿನ ಮುಂದೆ ಕುಳಿತ ಒಬ್ಬನೇ ವಾದಕ ಆ ಇಬ್ಬರ ಕೆಲಸವನ್ನೂ ಕಾಲಿನ ಪೆಡಲ್ಲು ಮತ್ತು ಎರಡು ಕೋಲುಗಳಿಂದ ಮಾಡಬೇಕಾದಾಗ, ಕಾಲು ಒಬ್ಬ ವಾದಕನಂತೆಯೂ ಕೈ ಇನ್ನೊಬ್ಬನಂತೆಯೂ ಮಾತಾಡತೊಡಗುತ್ತವೆ. ಇದ್ರಿಸ್ ಅವರ ನುಡಿಸಾಣಿಕೆಯಲ್ಲಿ ಸದಾ ಇಬ್ಬರಿದ್ದಂತೆ ಕೇಳಿಸುವುದಕ್ಕೆ ಇದೇ ಕಾರಣ.

ನಿಮಗೆ ಪರಿಚಿತವಾದ ಲೆಕ್ಕದಲ್ಲಿ ಹೇಳುವುದಾದರೆ, ನಾಲ್ಕು ಪೆಟ್ಟುಗಳ ಎರಡು ಭಾಗಗಳನ್ನು ಸೇರಿಸಿ ಆದಿತಾಳದ ಎಂಟು ಅಕ್ಷರವೆಂದು ಎಣಿಸಿಕೊಳ್ಳಿ. ಮೆರವಣಿಗೆಯ ದೊಡ್ಡ ಡ್ರಮ್ಮಿನ ಭಾರವಾದ ಹೊಡೆತ ಸಮದ, ಅಂದರೆ ಮೊದಲ ಅಕ್ಷರದ, ಮೇಲೆ ಬೀಳದೆ ಎಂಟನೆಯ ಅಕ್ಷರದ ಮೇಲೆ ಬೀಳುತ್ತದೆ. ಸಮಕ್ಕೆ ಒಂದು ಹೆಜ್ಜೆ ಮುಂಚೆಯೇ ಒತ್ತು ಬಿದ್ದದ್ದರಿಂದ ಮುಂದಿನ ಆವರ್ತಕ್ಕೆ ತಳ್ಳಿದಂತಾಗುತ್ತದೆ, ಕೇಳುವವರ ಕಾಲು ತಾನಾಗಿ ಏಳುತ್ತದೆ. ಗ್ರ್ಯಾಂಟ್ ಗ್ರೀನ್ ಅವರು 1970ರ ಆಗಸ್ಟ್‌ನಲ್ಲಿ ನ್ಯೂಅರ್ಕ್ ನಗರದ ಕ್ಲಬ್ಬೊಂದರಲ್ಲಿ ಜನರ ಮುಂದೆಯೇ ಧ್ವನಿಮುದ್ರಿಸಿದ ‘ಅಲೈವ್’ ಅನ್ನು ಈ ಒಂದು ಎಣಿಕೆಯನ್ನು ಮನಸ್ಸಿನಲ್ಲಿಟ್ಟು ಕೇಳಿ. ಮೊದಲ ಸಲ ಗಿಟಾರನ್ನು ಬಿಟ್ಟು ಕಾಲಿನ ಡ್ರಮ್ಮನ್ನಷ್ಟೇ ಹಿಂಬಾಲಿಸಿದರೆ ಒಳ್ಳೆಯದು. ಫಂಕ್ ಡ್ರಮ್ ವಾದನಕ್ಕೆ ಹೊಸ ದಾರಿ ತೋರಿದ ಮೀಟರ್ಸ್ ತಂಡದ ಜಿಗಬೂ ಮೊಡೆಲಿಸ್ಟ್ ಅದೇ ಊರಿನವರು, ಇದ್ರಿಸ್ ಅವರಿಂದ ಕಲಿತೆನೆಂದು ಹೇಳಿಕೊಂಡವರು. ಅವರನ್ನೂ ಜೊತೆಗಿಟ್ಟು ಕೇಳಿದರೆ ಈ ವಿದ್ಯೆ ಒಂದು ಕೈಯಿಂದ ಇನ್ನೊಂದಕ್ಕೆ ದಾಟಿದ ಬಗೆ ತಿಳಿಯುತ್ತದೆ.

ಪ್ರಶ್ನೆ: ಇಂದಿನ ಹಾಡುಗಳಲ್ಲಿ ಅವರ ಹಳೆಯ ಮುದ್ರಿಕೆಗಳ ತುಣುಕುಗಳನ್ನು ಬಳಸುತ್ತಾರಂತೆ. ಅವರೇ ನಾಯಕರಾಗಿದ್ದ ಮುದ್ರಿಕೆಗಳು ಇವೆಯೇ? ನಂತರದ ವರ್ಷಗಳಲ್ಲಿ ಏನು ಮಾಡಿದರು?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಇವೆ. ಮುಖ್ಯವಾದವು 1974ರ ‘ಪವರ್ ಆಫ್ ಸೋಲ್’ ಮತ್ತು 1977ರ ‘ಟರ್ನ್ ದಿಸ್ ಮದಾ ಔಟ್’. ಮೊದಲನೆಯದರಲ್ಲಿ ಸ್ಯಾಕ್ಸೊಫೋನ್ ವಾದಕ ಗ್ರೋವರ್ ವಾಷಿಂಗ್ಟನ್ ಜೂನಿಯರ್ ರಚಿಸಿದ ‘ಲೋರಾನ್ಸ್ ಡಾನ್ಸ್’ ಇದೆ. ಹಿಪ್-ಹಾಪ್ ಸಂಗೀತಗಾರರು ಮತ್ತೆ ಮತ್ತೆ ಮರಳಿದ ಕೃತಿ ಅದು. ಎರಡನೆಯದರಲ್ಲಿ ಡಿಸ್ಕೋ ಯುಗದ ‘ಕುಡ್ ಹೆವನ್ ಎವರ್ ಬಿ ಲೈಕ್ ದಿಸ್’ ಇದೆ. ಅದರ ಗಾಯನದ ಭಾಗವನ್ನು 2015ರಲ್ಲಿ ಬ್ರಿಟನ್ನಿನ ಸಂಗೀತಗಾರ ಜೇಮೀ ಎಕ್ಸ್‌ಎಕ್ಸ್ ತಮ್ಮ ‘ಲೌಡ್ ಪ್ಲೇಸಸ್’ಗೆ ಬಳಸಿದಾಗ ಹೊಸ ತಲೆಮಾರಿನ ಕಿವಿಗೆ ಅದು ಬಿತ್ತು. ಇಲ್ಲೊಂದು ಅನ್ಯಾಯವನ್ನು ಹೇಳದೆ ಇರಲಾರೆ. ರಚನೆಯ ಹಕ್ಕಿನ ಹಣ ಸಲ್ಲುವುದು ರಾಗ, ಸಾಹಿತ್ಯ ಬರೆದವರಿಗೆ. ಇನ್ನೊಬ್ಬರ ಮುದ್ರಿಕೆಯಲ್ಲಿ ನುಡಿಸಿದ ಡ್ರಮ್ ವಾದಕನಿಗೆ ಸಾಮಾನ್ಯವಾಗಿ ಸಿಗುವುದು ಅಂದಿನ ಕೂಲಿ ಮಾತ್ರ. ಮುಂದೆ ಆ ಲಯವೊಂದನ್ನೇ ಕತ್ತರಿಸಿ ಹತ್ತು ಹಾಡು ಕಟ್ಟಿದರೂ, ಆ ಲಯವನ್ನು ಹುಟ್ಟಿಸಿದವನು ರಚನಕಾರನೆಂದು ಎಣಿಕೆಗೆ ಬರುವುದಿಲ್ಲ. ಸೋಲ್ ಜಾಝ್‌ನ ಇಡೀ ಒಂದು ಪೀಳಿಗೆಯ ಡ್ರಮ್ ವಾದಕರ ಪಾಡು ಇದು.

1970ರ ದಶಕದಲ್ಲಿ ಗಾಯಕಿ ರಾಬರ್ಟಾ ಫ್ಲ್ಯಾಕ್ ಅವರ ಜೊತೆ ಪ್ರವಾಸ ಮಾಡಿದ ಅವರು, ಆಮೇಲೆ ಫೇರೋ ಸ್ಯಾಂಡರ್ಸ್ ಅವರಂಥ ಸ್ಯಾಕ್ಸೊಫೋನ್ ವಾದಕರೊಡನೆ ಹೆಚ್ಚು ಗಂಭೀರವಾದ ಜಾಝ್‌ನತ್ತ ಹೊರಳಿದರು. 1980ರ ‘ಜರ್ನಿ ಟು ದಿ ಒನ್’ ಮತ್ತು 1987ರ ‘ಆಫ್ರಿಕಾ’ ಮುದ್ರಿಕೆಗಳಲ್ಲಿ ಕುಣಿತದ ಲಯದವರೆಂದು ಹೆಸರಾದ ಇದೇ ಕೈ ಎಷ್ಟು ಉಗ್ರವಾಗಿ ನುಡಿಸಬಲ್ಲದೆಂಬುದು ಗೊತ್ತಾಗುತ್ತದೆ. 1990ರ ದಶಕದಲ್ಲಿ ಪಿಯಾನೋ ವಾದಕ ಅಹ್ಮದ್ ಜಮಾಲ್ ಅವರ ತಂಡ ಸೇರಿದರು. ನನಗೆ ಬಹಳ ಪ್ರಿಯವಾದ ಘಟ್ಟ ಇದು. 1958ರಲ್ಲಿ ಷಿಕಾಗೋದ ಪರ್ಶಿಂಗ್ ಹೋಟೆಲಿನಲ್ಲಿ ಜಮಾಲ್ ಅವರು ‘ಪಾಯಿನ್ಸಿಯಾನ’ ನುಡಿಸಿದಾಗ ಡ್ರಮ್ಸ್‌ನಲ್ಲಿದ್ದವರು ವರ್ನೆಲ್ ಫೋರ್ನಿಯೇ, ಅವರೂ ನ್ಯೂ ಆರ್ಲೀನ್ಸ್‌ನವರೇ, ಅವರದೂ ಇಬ್ಬರು ಕೂಡಿ ನುಡಿಸಿದಂತೆ ಕೇಳಿಸುವ ಲಯವೇ. ದಶಕಗಳ ನಂತರ ಅದೇ ಪಿಯಾನೋದ ಪಕ್ಕದಲ್ಲಿ ಅದೇ ಊರಿನ ಇನ್ನೊಬ್ಬರು ಕುಳಿತರು. ಇಬ್ಬರನ್ನೂ ಹೋಲಿಸಿ ಕೇಳಬಯಸುವವರು ಫೋರ್ನಿಯೇ ಅವರಿಗಾಗಿ ಪರ್ಶಿಂಗ್ ಮುದ್ರಿಕೆಯನ್ನೂ ಇದ್ರಿಸ್ ಅವರಿಗಾಗಿ 1990ರ ದಶಕದ ‘ದಿ ಎಸೆನ್ಸ್’ ಮುದ್ರಿಕೆಯನ್ನೂ ಆರಿಸಿಕೊಳ್ಳಬಹುದು.

ಇದ್ರಿಸ್ ಮುಹಮ್ಮದ್ ಕೊನೆಯ ವರ್ಷಗಳಲ್ಲಿ ನ್ಯೂ ಆರ್ಲೀನ್ಸ್‌ಗೆ ಮರಳಿದ್ದರು. 2014ರ ಜುಲೈ 29ರಂದು, 74ನೆಯ ವಯಸ್ಸಿನಲ್ಲಿ, ಫ್ಲಾರಿಡಾದಲ್ಲಿ ತೀರಿಕೊಂಡರು.